ಕಗ್ಗಂಟು ಬಿಚ್ಚಿದ ಬೇಸೆಯೂ ದಾರಾತೂವಿನ ಚಿಲುಮೆಯೂ

ಬೆಟ್ಟಗುಡ್ಡಗಳಿಗೆ ಮನುಷ್ಯರು ಇನ್ನೂ ಹೆಸರಿಡುತ್ತಿದ್ದ ಪುರಾತನ ಕಾಲದಲ್ಲಿ, ಎರಡು ಮಹಾನದಿಗಳ ನಡುವಣ ಬಯಲಿನಿಂದ ಏಕಾಕಿಯಾಗಿ ಮೇಲೆದ್ದ ಶಿಂಗಾಲ್ ಪರ್ವತದ ತಪ್ಪಲಲ್ಲಿ, ಯಜೀದಿ ಜನರ ದಾರಾತೂ ಎಂಬ ಗ್ರಾಮದಲ್ಲಿ, ಬೇಸೆ ಎಂಬ ವಿಧವೆ ಆಡು ಕಾಯ್ದುಕೊಂಡು ಬಾಳುತ್ತಿದ್ದಳು. ಗಂಡನನ್ನು ಆ ಮಣ್ಣಿನಲ್ಲೇ ಮಲಗಿಸಿದ್ದ ಅವಳಿಗೆ ಬೇರೆ ಊರೆಂಬುದು ಇರಲಿಲ್ಲ.

ಊರಿನ ನೆತ್ತಿಯ ಮೇಲೆ, ನೆರಿಗೆ ಹಿಡಿದ ಶ್ವೇತಶಿಖರದ ಪುಟ್ಟ ಗುಡಿಯೊಂದಿತ್ತು. ಅದರೊಳಗಿನ ಕಂಬಕ್ಕೆ ರೇಷ್ಮೆವಸ್ತ್ರ ಸುತ್ತಿತ್ತು. ಹರಕೆ ಹೊತ್ತವರು ಬರಿಗಾಲಿನಲ್ಲಿ ಬಂದು, ಹೊಸಿಲಿಗೆ ಮುತ್ತಿಟ್ಟು, ಅದನ್ನು ತುಳಿಯದೆ ದಾಟಿ, ಮೊದಲು ಆ ವಸ್ತ್ರದಲ್ಲಿ ಬೇರೊಬ್ಬರು ಕಟ್ಟಿದ ಗಂಟನ್ನು ಬಿಚ್ಚಬೇಕು. ಬಿಚ್ಚಿದಾಗ ಆ ಗಂಟು ಕಟ್ಟಿದವರ ಕೋರಿಕೆ ಈಡೇರುತ್ತದೆ. ಆಮೇಲಷ್ಟೇ ತಮ್ಮ ಗಂಟು ಕಟ್ಟಬೇಕು. ಒಬ್ಬರ ಇಷ್ಟಾರ್ಥವು ಇನ್ನೊಬ್ಬರ ಬೆರಳಲ್ಲಿರುವುದೇ ಆ ಸಂಪ್ರದಾಯದ ಮರ್ಮ.

ಒಮ್ಮೆ ಮಳೆ ಮುನಿದು ಬಾವಿಗಳೆಲ್ಲ ಬತ್ತಿದವು. ಜನ ಗುಡಿಗೆ ಮುಗಿಬಿದ್ದರು. ಗಂಟಲು ಒಣಗಿದಾಗ ವಿಧಿಯ ಮೊದಲರ್ಧ ಯಾರಿಗೆ ತಾನೆ ನೆನಪಿರುತ್ತದೆ? ಕಟ್ಟಿದವರೇ ಎಲ್ಲ, ಬಿಚ್ಚಿದವರಿಲ್ಲ. ವಸ್ತ್ರವು ಮುದ್ದೆಗಟ್ಟಿತೇ ಹೊರತು ನೀರು ಬರಲಿಲ್ಲ. ಪವಿತ್ರವಾದ ಬುಧವಾರವನ್ನು ಕಳೆದು ಮರುದಿನವೇ ಊರು ಬಿಡುವುದೆಂದು ಹಿರಿಯರು ನಿಶ್ಚಯಿಸಿದರು.

ಆ ಬುಧವಾರ ಬೆಳಗ್ಗೆ, ಊರು ಉಳಿಯಲೆಂದು ಹರಕೆ ಕಟ್ಟಲು ಬೇಸೆ ಗುಡಿಗೆ ಹೋದರೆ, ವಸ್ತ್ರದಲ್ಲಿ ಬೆರಳಗಲ ಜಾಗವೂ ಇರಲಿಲ್ಲ.

“ನಾಳೆ ಹೊರಡೋರಿಗೆ ಇವತ್ತು ಹರಕೆ ಯಾಕವ್ವಾ?” ಎಂದನು ಗುಡಿಯ ದೀಪ ನೋಡಿಕೊಳ್ಳುತ್ತಿದ್ದ ವೃದ್ಧ ಪೀರ್ ಸಿಮೋ.

“ಎಲ್ಲರ ಆಸೆಯೂ ಇಲ್ಲೇ ಕಗ್ಗಂಟಾಗಿ ಬಿದ್ದಿದೆಯಲ್ಲ ಪೀರಜ್ಜ. ಇದನ್ನ ಹೀಗೇ ಬಿಟ್ಟು ಹೋಗೋದಾ?” ಎಂದು ಬೇಸೆ ಕಂಬದ ಬುಡದಲ್ಲಿ ಕುಳಿತೇಬಿಟ್ಟಳು.

ಉಗುರು ಮುರಿದು ಬೆರಳು ಕಂದಿದರೂ ಅವಳು ಬಿಚ್ಚುತ್ತಲೇ ಹೋದಳು. ಹೊತ್ತು ಇಳಿಯುವಾಗ ಉಳಿದದ್ದು ಒಂದೇ ಗಂಟು, ಕೆಂಪು ಉಣ್ಣೆಯೆಳೆ ಸೇರಿಸಿ ಕಟ್ಟಿದ್ದು. ಆ ಕೆಂಪು ಊರಿಗೆಲ್ಲ ಗೊತ್ತು. ಅದು ನೇಕಾರ್ತಿ ನೋಫಾಳ ಮಗ್ಗದ್ದು. ಬೇಸೆಯ ತಬ್ಬಲಿ ಮರಿಗಳಿಗೆ ಬೊಗಸೆ ನೀರು ಕೊಡದೆ ಕದ ಹಾಕಿದವಳು ಆ ನೋಫಾಳೇ. ಎರಡು ಮರಿಗಳು ಅವಳ ಬಾಗಿಲಲ್ಲೇ ಸತ್ತಿದ್ದವು.

ಬೇಸೆ ಆ ಗಂಟಿನಿಂದ ಕೈ ತೆಗೆದಳು. ತನ್ನ ಗಂಟಿಗೆ ಈಗ ಧಾರಾಳ ಜಾಗವಿತ್ತು. ಅದನ್ನು ಕಟ್ಟಿ ಎದ್ದುಹೋಗಲೆಂದು ವಸ್ತ್ರದ ಅಂಚು ಹಿಡಿದಳು. ಕೈ ಮುಂದುವರಿಯಲಿಲ್ಲ. ಊರು ಉಳಿಯಲಿ ಎಂದು ಬೇಡಿದರೆ ಆ ಊರಿನಲ್ಲಿ ನೋಫಾಳ ಮನೆಯೂ ಇದೆಯಲ್ಲ ಎಂಬುದು ಅವಳಿಗೆ ಹೊಳೆದದ್ದು ಆಗಲೇ. ಅತ್ತುಕೊಂಡೇ ಆ ಕೆಂಪು ಗಂಟನ್ನೂ ಬಿಚ್ಚಿದಳು.

ತತ್‌ಕ್ಷಣವೇ, ಪರಮಾತ್ಮನಿಂದ ಜಗತ್ಪಾಲನೆಯ ಭಾರ ಹೊತ್ತ ಸಪ್ತ ದೇವದೂತರಲ್ಲಿ ಅಗ್ರಗಣ್ಯನೂ ಮಯೂರರೂಪಿಯೂ ಆದ ತಾವೂಸಿ ಮಲಕನ ನೀಲಪ್ರಭೆಯು ಗುಡಿಯನ್ನು ತುಂಬಿ, ಈ ದಿವ್ಯವಾಣಿ ಕೇಳಿಬಂದಿತು: “ತಾಯೇ, ಎಲ್ಲರೂ ತಮ್ಮ ತಮ್ಮ ಮನೆಗೆ ನೀರು ಬೇಡಿದರು. ಕದ ಹಾಕಿದವಳ ಗಂಟನ್ನೂ ಬಿಚ್ಚಿದ ನಿನಗೆ ಊರನ್ನೇ ಕೊಟ್ಟಿದ್ದೇನೆ. ನಿನ್ನ ಗಂಟನ್ನು ಕಟ್ಟುವ ಅಗತ್ಯವಿಲ್ಲ.”

ಚಿಲುಮೆ ಉಕ್ಕಿದ್ದು ಗುಡಿಯಲ್ಲಲ್ಲ, ನೋಫಾಳ ಅಂಗಳದ ಹಿಪ್ಪುನೇರಳೆಯ ಬುಡದಲ್ಲಿ. ತನ್ನ ಗಂಟನ್ನು ಬೇಸೆ ಬಿಚ್ಚಿದ ಸುದ್ದಿಯನ್ನು ಪೀರ್ ಸಿಮೋನಿಂದ ಕೇಳಿದ ನೋಫಾ, ತುಂಬಿದ ಮೊದಲ ಕೊಡವನ್ನು ತಾನು ಮುಟ್ಟದೆ ಬೇಸೆಯ ಹಟ್ಟಿಗೆ ಹೊತ್ತು ತಂದು ತಲೆ ತಗ್ಗಿಸಿ ನಿಂತಳು. “ಉಳಿದ ಮರಿಗಳು ಮೊದಲು ಕುಡೀಲಿ, ಅಕ್ಕಾ.”

ದಾರಾತೂವಿಗೆ ಆಮೇಲೆ ಹಲವು ದುರ್ದಿನಗಳು ಬಂದವು. ಕಡೆಯ ಸಲದ ದಾಳಿಯಲ್ಲಿ ಗುಡಿಯ ಶಿಖರವೂ ಉರುಳಿ, ಮನೆಗಳು ಸುಟ್ಟು, ಜನ ಪರ್ವತವೇರಿ ದಿಕ್ಕಾಪಾಲಾದರು. ಮರಳಿ ಬಂದವರು ಕೆಲವರೇ. ಅವರು ಗುಡಿಯನ್ನು ಮತ್ತೆ ಕಟ್ಟಿದ್ದಾರೆ. ಸುಟ್ಟ ಹಿಪ್ಪುನೇರಳೆ ಬುಡದಿಂದ ಚಿಗುರಿದೆ, ಚಿಲುಮೆ ಇಂದಿಗೂ ಹರಿಯುತ್ತಿದೆ. ಯಾತ್ರಿಕರು ಅಲ್ಲಿ ಕೈಕಾಲು ತೊಳೆದು, ಮಾತುಬಿಟ್ಟವರ ಗಂಟನ್ನು ಮೊದಲು ಹುಡುಕಿ ಬಿಚ್ಚುವುದು ಈ ಕ್ಷೇತ್ರದ ವಿಶೇಷ.

ಉರುಳಿದ ಶಿಖರದ ಕಲ್ಲುರಾಶಿಯಡಿ ಸಿಕ್ಕಿದ ಹಳೆಯ ವಸ್ತ್ರವೂ ಕಂಬದಲ್ಲಿದೆ. ಅದರ ಗಂಟುಗಳನ್ನು ಕಟ್ಟಿದವರಲ್ಲಿ ಯಾರು ಬದುಕಿದ್ದಾರೋ ಯಾರೂ ಅರಿಯರು. ಆದರೂ ಬುಧವಾರಗಳಂದು ಊರಿನ ಹೆಂಗಸರು ಅದರ ಮುಂದೆ ಕುಳಿತು ಒಂದೊಂದನ್ನೇ ಬಿಚ್ಚುತ್ತಾರೆ.