ನೀಲಿಗಾರ್ತಿಯ ಮಗ ಕಾಯಿಸಿದ ಗಂಜಿ

"ಚಿತ್ತ... ಚಿತ್ತವೇನೋ ಅಂದರು ವೈದ್ಯರು. ಪೂರ್ತಿ ನೆನಪಿಗೆ ಬರುತ್ತಿಲ್ಲ, ಗುರುಗಳೇ," ಎಂದ ಶಿಷ್ಯ ಬಸವಂತ.

"ಚಿತ್ತವಿಕಲತೆ," ಎಂದರು ಗುರುಗಳು. "ಹೆಸರು ಇರಲಿ. ಕೇಳಬೇಕೆಂದು ಬಂದದ್ದನ್ನು ಕೇಳು."

"ನನ್ನ ಮಗಳಿಗೆ ಇಲ್ಲದ ದನಿಗಳು ಕೇಳಿಸುತ್ತವೆ. ನಾನು ಎದುರಿಗೆ ಹೋದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ಎಲ್ಲಾದರೂ ದೂರದ ಊರಲ್ಲಿ ಬಿಟ್ಟು ಬಾ ಎನ್ನುತ್ತಾರೆ ನೆಂಟರು. ಅವಳೊಳಗೆ ನನ್ನ ಮಗಳು ಇನ್ನೂ ಇದ್ದಾಳೆಯೆ, ಇಲ್ಲವೆ? ಅಷ್ಟು ಹೇಳಿ."

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬಳು ನೀಲಿಗಾರ್ತಿ ಇದ್ದಳು. ನೇಕಾರರು ತಂದುಕೊಟ್ಟ ನೂಲನ್ನು ನೀಲಿಯ ಬಾನಿಯಲ್ಲಿ ಅದ್ದಿ ಬಣ್ಣ ಕಟ್ಟುವುದು ಅವಳ ಕಸುಬು. ಬಾನಿ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಆ ಕಸುಬಿನವರು ಒಂದು ಹನಿ ನಾಲಗೆಗೆ ಹಚ್ಚಿ ನೋಡುತ್ತಾರೆ. ಅವಳೂ ಹಾಗೆಯೇ ಮಾಡುತ್ತಿದ್ದಳು. ಕೈಗಳು ಮೊಣಕೈವರೆಗೆ ನೀಲಿ. ಗಂಡ ತೀರಿಕೊಂಡಿದ್ದ. ಇದ್ದವನು ಮಗನೊಬ್ಬನೇ.

ಮಗನಿಗೆ ಇಪ್ಪತ್ತು ತುಂಬಿದ ವರ್ಷ ಕಾಯಿಲೆ ಬಂತು. ಗೋಡೆಯ ಆಚೆ ಯಾರೋ ಮಾತಾಡುತ್ತಾರೆ ಎನ್ನತೊಡಗಿದ. ಆಮೇಲೆ ಅನ್ನದಲ್ಲಿ ವಿಷವಿದೆ ಎಂದು ತಟ್ಟೆ ಸರಿಸಿದ. ಈ ಕೈಯ ಬಣ್ಣ ಕಂಡು ಹೆದರಿದ್ದಾನೆ ಎಂದುಕೊಂಡಳು ತಾಯಿ. ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ಬೂದಿ ಹಚ್ಚಿ ತಿಕ್ಕಿದಳು. ಮೂವತ್ತು ವರ್ಷದ ಬಣ್ಣ, ಹೋದೀತೆ? ದೇವರ ಮೇಲೆ ಆಣೆ ಇಟ್ಟಳು. ಅವನು ನಂಬಲಿಲ್ಲ. ಮೂರು ದಿನ ನೀರು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.

ನಾಲ್ಕನೆಯ ದಿನ ಅವಳಿಗೆ ಕಸುಬಿನ ಬುದ್ಧಿಯೇ ಹೊಳೆಯಿತು. ತಾನೇ ರುಚಿ ನೋಡಿ ತೋರಿಸಿದರೆ ನಂಬುತ್ತಾನೆ ಎಂದುಕೊಂಡಳು. ಅವನ ತಟ್ಟೆಯನ್ನು ಎಳೆದುಕೊಂಡು, ಅವನ ಎದುರೇ ತುತ್ತು ಕಲಸಿ ಬಾಯಿಗೆ ಎತ್ತಿದಳು.

ಮಗ ಎದ್ದವನೇ ಅವಳ ಕೈಗೆ ಹೊಡೆದ. ತುತ್ತು ಗೋಡೆಗೆ ಹಾರಿತು. ತಟ್ಟೆ ಅಂಗಳಕ್ಕೆ ಉರುಳಿತು.

ಸದ್ದು ಕೇಳಿ ಪಕ್ಕದ ಮನೆಯ ಮುದುಕಿ ಓಡಿಬಂದಳು. "ಹೆತ್ತವಳ ಮೇಲೆ ಕೈ ಮಾಡಿದೆಯೇನೋ, ಪಾಪಿ! ಕಂಬಕ್ಕೆ ಕಟ್ಟಿಹಾಕೇ ಇವನನ್ನ!" ಎಂದು ಕೂಗಿದಳು.

ತಾಯಿ ಅವಳ ಕಡೆ ನೋಡಲಿಲ್ಲ. ಮಗ, "ತಿನ್ನಬೇಡವ್ವಾ, ಸತ್ತುಹೋಗ್ತೀ" ಎನ್ನುತ್ತಿದ್ದ. ಏಟು ಬಿದ್ದ ಕೈಯನ್ನು ಅವಳು ಎದೆಗೆ ಒತ್ತಿ ಹಿಡಿದಳು. ಇಷ್ಟು ದಿನವೂ ಅವನು ತನಗೆ ಹೆದರಿದ್ದಾನೆ ಎಂದೇ ತಿಳಿದಿದ್ದಳು. ಅವನು ಅವಳಿಗಾಗಿಯೂ ಹೆದರಿದ್ದ.

"ಹಾಗಾದರೆ ನಾನು ಏನು ತಿನ್ನಲೋ, ಮಗಾ? ನೀನು ಊಟ ಬಿಟ್ಟ ದಿನದಿಂದ ನಾನೂ ಉಂಡಿಲ್ಲ. ಹಸಿವಾಗ್ತಿದೆ," ಎಂದಳು.

ಮಗ ಬಾವಿಗೆ ಹೋಗಿ ತಾನೇ ನೀರು ಸೇದಿ ತಂದ. ಮಡಕೆಯನ್ನು ಏಳು ಸಲ ತೊಳೆದ. ನುಚ್ಚು ಹಾಕಿ ಗಂಜಿ ಕಾಯಿಸಿದ. ಮೊದಲು ತಾನು ಒಂದು ಗುಟುಕು ಕುಡಿದು, ಏನೂ ಆಗುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಕಾದು ಕೂತ. ಆಮೇಲೆ ತಾಯಿಗೆ ಬಡಿಸಿದ.

"ಉಪ್ಪೇ ಹಾಕಿಲ್ಲವಲ್ಲೋ, ನಿನ್ನ ಅಡುಗೆ ಹಾಳಾಗ!" ಎಂದಳು ತಾಯಿ.

"ಉಪ್ಪಿನ ಗಡಿಗೆ ಮೇಲೆ ನನಗೆ ನಂಬಿಕೆ ಇಲ್ಲ. ಸುಮ್ಮನೆ ಕುಡಿಯವ್ವಾ," ಎಂದು ತಾನೂ ಬಟ್ಟಲು ತುಂಬಿಕೊಂಡ.

ಅಂದಿನಿಂದ ಆ ಮನೆಯ ಅಡುಗೆ ಅವನದಾಯಿತು. ವೈದ್ಯರು ಕೊಟ್ಟ ಕಷಾಯದ ಬೇರನ್ನೂ ತಾಯಿ ಅವನ ಕೈಗೇ ಕೊಟ್ಟಳು. ತಾನೇ ಕಾಯಿಸಿದ್ದರಿಂದ ಕುಡಿದ. ಗೋಡೆಯ ಆಚೆಯ ಮಾತು ಕೆಲವು ತಿಂಗಳು ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ತಾಯಿಗೂ ಮರುಳು ಹಿಡಿದಿದೆ ಎಂದರು ಊರವರು. ಅವಳು ಸೀದ ಗಂಜಿಯನ್ನೂ ಸಪ್ಪೆ ಸಾರನ್ನೂ ಹೊಟ್ಟೆ ತುಂಬ ಉಂಡು, ಹೋಗಿ ನೂಲು ಅದ್ದಿದಳು.

ಕತೆ ಮುಗಿಯಿತು. ಬಸವಂತ ತಲೆ ಎತ್ತಿದ.

"ಆ ತಾಯಿ ಪುಣ್ಯವಂತೆ, ಗುರುಗಳೇ. ಅವಳ ಮಗನಲ್ಲಿ ಅಷ್ಟಾದರೂ ಪ್ರೀತಿ ಉಳಿದಿತ್ತು. ನನ್ನ ಮಗಳಿಗೆ ನಾನು ಏನು ಮಾಡಿಲ್ಲ? ಔಷಧ ತಂದೆ, ಹರಕೆ ಹೊತ್ತೆ, ಬಾಗಿಲಲ್ಲಿ ಕಾವಲು ಕೂತೆ. ಅವಳು ನನಗೆ ಒಂದು ಲೋಟ ನೀರನ್ನೂ ತಂದುಕೊಟ್ಟವಳಲ್ಲ."

ಗುರುಗಳು ಕೇಳಿದರು: "ನಿನಗೆ ಬಾಯಾರಿದೆ ಎಂದು ಅವಳಿಗೆ ಎಂದಾದರೂ ಹೇಳಿದ್ದೀಯಾ?"