ಕಿಟಕಿಯ ಕೆಳಗಿನ ಬೆಂಚು

ತೊಲೆ, ಕಂಬ, ಕಪಾಟು ಎಲ್ಲವನ್ನೂ ಬಡಗಿಗಳು ಕೈಯಾರೆ ಮಾಡಿದ್ದ ಹಳೆಯ ಬಂಗಲೆಗೆ ಕಾಲಿಗೆ ಚಕ್ರವಿದ್ದ ಹೊಸ ಕುರ್ಚಿಯೊಂದು ಬಂತು. ಕಿಟಕಿಯ ಕೆಳಗೆ ಗೋಡೆಗೇ ಸೇರಿಸಿ ಕೂಡಿಸಿದ್ದ ಮರದ ಬೆಂಚನ್ನು ಕಂಡು ಅದು ನಕ್ಕಿತು.

“ಏನಜ್ಜಾ, ಹುಟ್ಟಿದಾಗಿನಿಂದ ಇಲ್ಲೇ ಇದ್ದೀಯಾ? ನಾನು ಬೆಳಗ್ಗೆಯಿಂದ ಎಲ್ಲ ಕೋಣೆ ಸುತ್ತಿ ಬಂದೆ.”

“ಸಂತೋಷ. ಯಾವ ಕೋಣೆ ಹಿಡಿಸಿತು?”

“ಹಿಡಿಸುವಷ್ಟು ಹೊತ್ತು ಎಲ್ಲಿ ಬಿಟ್ಟರು? ತಳ್ಳುತ್ತಲೇ ಇದ್ದರು.”

ಅಷ್ಟರಲ್ಲಿ ಮನೆಯೊಡತಿ ವನಮಾಲಾ ಕಾಫಿ ಲೋಟ ಹಿಡಿದು ಬಂದಳು. ಕುರ್ಚಿ ಮೈ ಸೆಟೆಸಿ ನಿಂತಿತು. ಅವಳು ಅದನ್ನು ಮೊಣಕಾಲಿನಿಂದ ಅತ್ತ ತಳ್ಳಿ, ಬೆಂಚಿನ ಮೇಲೆ ಕೂತು, “ರೀ, ಇಲ್ಲೇ ಬನ್ನಿ, ಇಬ್ಬರಿಗೂ ಜಾಗವಿದೆ” ಎಂದು ಗಂಡನನ್ನು ಕರೆದಳು.

ಮೂಲೆ ಸೇರಿದ ಕುರ್ಚಿ ಮೆಲ್ಲಗೆ ಕೇಳಿತು: “ಅಜ್ಜಾ, ಚಕ್ರ ಬಿಚ್ಚುವ ಬಡಗಿ ಯಾರಾದರೂ ನಿಮಗೆ ಗೊತ್ತೇ?”