ಉಗಿ ಕೋಣೆಯಲ್ಲಿ ಇಬ್ಬರು

"ಅಕ್ಕನವರೇ, ಇನ್ನು ಏನನ್ನು ಬಿಡಬೇಕು?" ಎಂದು ಗುರುಪಾದ ಕೇಳಿದ.

ಅವನು ಮಠದ ಕಿರಿಯ ಶಿಷ್ಯ. ವ್ರತ ಹಿಡಿದಾಗ ಅನ್ನ ಬಿಟ್ಟಿದ್ದ. ಆಮೇಲೆ ರೊಟ್ಟಿ ಬಿಟ್ಟ. ಈಚೆಗೆ ಹಣ್ಣನ್ನೂ ಬಿಟ್ಟು ಬರೀ ಮಜ್ಜಿಗೆಯ ಮೇಲಿದ್ದ. ಎದ್ದು ನಿಂತರೆ ಕಣ್ಣು ಕತ್ತಲೆಗಟ್ಟುತ್ತಿತ್ತು. ಬಾಗಿಲು ಹಿಡಿದುಕೊಂಡೇ ಒಳಗೆ ಬಂದಿದ್ದ.

ಅಕ್ಕನವರು ಮಠದ ಗುರು. ಬಹಳ ದೇಶ ತಿರುಗಿ ಬಂದವರು. ಅವರ ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ ತುಂಬಿದಂತೆಯೇ ಇತ್ತು. ಬಹಳ ಹೊತ್ತಾಗಿ ನೀರು ಮೇಲೆ ತೇಲಿತ್ತು. ಅವರು ಇನ್ನೊಂದು ಲೋಟಕ್ಕೆ ಹೊಸದಾಗಿ ಬಗ್ಗಿಸಿ ಶಿಷ್ಯನ ಮುಂದಿಟ್ಟರು.

"ಮೊದಲು ಇದನ್ನು ಕುಡಿ."

"ಬೇಡ ಅಕ್ಕನವರೇ. ಮಹಾಲಿಂಗ ಮಜ್ಜಿಗೆಯನ್ನೂ ಬಿಟ್ಟಿದ್ದಾನೆ."

"ಅವನು ಹೇಳಿದನೇ?"

"ಅವನು ನನ್ನ ಹತ್ತಿರ ಏನೂ ಹೇಳುವುದಿಲ್ಲ. ಪಂಕ್ತಿಯಲ್ಲಿ ಲೋಟ ಮಗುಚಿಟ್ಟಿದ್ದ. ನೋಡಿದೆ."

ಮಹಾಲಿಂಗ ಅವನ ಜೊತೆಗೇ ವ್ರತ ಹಿಡಿದ ಇನ್ನೊಬ್ಬ ಶಿಷ್ಯ. ವ್ರತ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬನನ್ನು ಬೆಟ್ಟದ ಶಾಖಾ ಮಠಕ್ಕೆ ಕಳುಹಿಸುವುದಿತ್ತು. ಉಪವಾಸ ನೋಡಿ ಆರಿಸುತ್ತೇನೆಂದು ಅಕ್ಕನವರು ಹೇಳಿರಲಿಲ್ಲ. ಇಬ್ಬರೂ ತಾವಾಗಿಯೇ ಹಾಗೆ ತಿಳಿದುಕೊಂಡಿದ್ದರು.

"ಕೂತುಕೋ," ಎಂದರು ಅಕ್ಕನವರು. "ಬಿದ್ದರೆ ಎತ್ತುವಷ್ಟು ಶಕ್ತಿ ನನಗಿಲ್ಲ."

ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಾಕ್ಸರ್ ಇದ್ದ. ಹೊಡೆಯುವುದು, ಹೊಡೆಸಿಕೊಳ್ಳುವುದು ಅವನ ಕಸುಬು. ದೊಡ್ಡ ಮೈಯವನು ಸಣ್ಣ ಮೈಯವನನ್ನು ಹೊಡೆದು ಕೊಲ್ಲಬಾರದು ಎಂದು ಆ ಕಸುಬಿನಲ್ಲಿ ತೂಕಕ್ಕೆ ತಕ್ಕ ವರ್ಗಗಳಿವೆ. ಪಂದ್ಯದ ಹಿಂದಿನ ದಿನ ಇಬ್ಬರನ್ನೂ ತೂಗುತ್ತಾರೆ. ನಿಯಮ ಮಾಡಿದವರು ಒಳ್ಳೆಯವರೇ ಇರಬೇಕು. ಆದರೆ ತೂಗುವುದು ಒಂದು ದಿನ, ಹೊಡೆದಾಡುವುದು ಮರುದಿನ. ನಡುವೆ ಎಷ್ಟು ಬೇಕಾದರೂ ತಿನ್ನಬಹುದು, ಕುಡಿಯಬಹುದು.

ಅವನ ಕೋಚ್ ಹೇಳಿದ, "ನೀನು ಒಂದು ವರ್ಗ ಕೆಳಗಿಳಿ. ತೂಗುವ ಹೊತ್ತಿಗೆ ಮೈಯ ನೀರೆಲ್ಲ ಬತ್ತಿಸು. ತೂಗಿದ ಮೇಲೆ ಕುಡಿದು ಮೊದಲಿನಂತಾಗು. ಎದುರಿಗೆ ಸಿಗುವವನು ನಿನಗಿಂತ ಸಣ್ಣವನಿರುತ್ತಾನೆ."

ಎದುರಾಳಿಗೂ ಒಬ್ಬ ಕೋಚ್ ಇದ್ದ. ಅವನೂ ಇದನ್ನೇ ಹೇಳಿದ್ದ. ಮೇಲಿನ ವರ್ಗದವರು ಕೆಳಗಿನ ವರ್ಗಕ್ಕೆ ಇಳಿದರು, ಕೆಳಗಿನವರು ಇನ್ನೂ ಕೆಳಕ್ಕೆ. ಎಲ್ಲರೂ ಒಂದೊಂದು ಮೆಟ್ಟಿಲು ಇಳಿದದ್ದರಿಂದ ಯಾರಿಗೂ ಯಾರ ಮೇಲೂ ಎತ್ತರ ಸಿಗಲಿಲ್ಲ. ಮರಳಿ ಹತ್ತಲು ಎಲ್ಲರಿಗೂ ಭಯ. ಒಬ್ಬನೇ ಹತ್ತಿದರೆ ಅಲ್ಲಿ ಇನ್ನೂ ಮೇಲಿನಿಂದ ಇಳಿದು ಬಂದವರು ಕಾಯುತ್ತಿರುತ್ತಾರೆ.

ನಮ್ಮ ಬಾಕ್ಸರನಿಗೆ ಹಿಂದಿನ ಪಂದ್ಯ ತಪ್ಪಿಹೋಗಿತ್ತು. ಒಂದು ಸೌಟು ಸಾರಿನಷ್ಟು ತೂಕ ಹೆಚ್ಚಿತ್ತು, ಅಷ್ಟೇ. ಪಂದ್ಯ ನಡೆಸುವವರು, ಇನ್ನೊಮ್ಮೆ ಹೀಗಾದರೆ ನಿನ್ನನ್ನು ಕರೆಯುವುದಿಲ್ಲ ಎಂದಿದ್ದರು. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಹಾಗಾಗಿ ಈ ಸಲ ಅವನು ಹೆದರಿಕೊಂಡೇ ಉಪವಾಸ ಮಾಡಿದ. ಹೆಂಡತಿ ಒಗ್ಗರಣೆ ಹಾಕಿದರೆ ಎದ್ದು ಬೀದಿಗೆ ಹೋಗಿ ನಿಲ್ಲುತ್ತಿದ್ದ. ಕೊನೆಗೆ ನೀರನ್ನೂ ಬಿಟ್ಟ. ಬಾಯಲ್ಲಿ ಬಂದ ಉಗುಳನ್ನೂ ನುಂಗದೆ ಬಾಟಲಿಗೆ ಉಗಿಯುತ್ತಿದ್ದ. ಕೂದಲಿಗೂ ತೂಕವಿದೆಯೆಂದು ತಲೆ ಬೋಳಿಸಿಕೊಂಡ. ನೋಡಲು ನಿನ್ನ ಹಾಗೇ ಕಾಣುತ್ತಿದ್ದನಂತೆ.

ತೂಗುವ ದಿನ ಬೆಳಿಗ್ಗೆ ನೋಡಿದರೆ ಇನ್ನೂ ಅರ್ಧ ಕಿಲೋ ಉಳಿದಿತ್ತು. ಅವನು ಇಳಿದುಕೊಂಡಿದ್ದ ಹೋಟೆಲಿನಲ್ಲಿ ಒಂದೇ ಉಗಿ ಕೋಣೆ. ಬೆವರು ಬರಿಸುವ ಪ್ಲಾಸ್ಟಿಕ್ ಜಾಕೆಟ್ ತೊಟ್ಟು, ಬಾಟಲಿ ಹಿಡಿದು ಬಾಗಿಲು ತೆಗೆದ. ಒಳಗೆ ಎದುರಾಳಿ ಕೂತಿದ್ದ. ಅವನದೂ ಪ್ಲಾಸ್ಟಿಕ್ ಜಾಕೆಟ್, ಅವನ ಕೈಯಲ್ಲೂ ಬಾಟಲಿ.

"ಬನ್ನಿ ಅಣ್ಣ," ಎಂದ ಎದುರಾಳಿ. "ಚಳಿಯಾಯ್ತಾ?"

"ಸುಮ್ಮನೆ ಬಂದೆ. ಮೈ ಸ್ವಲ್ಪ ಸಡಿಲವಾಗಲಿ ಅಂತ."

"ನಾನೂ ಅಷ್ಟೇ. ತೂಕ ಸರಿಯಾಯ್ತಾ?"

"ನಿನ್ನೆಯೇ ಆಯ್ತು. ನಿಮ್ಮದು?"

"ಮೊನ್ನೆಯೇ."

ಇಬ್ಬರೂ ಬಾಟಲಿಗೆ ಉಗಿದರು.

ಆ ಕಸುಬಿನಲ್ಲಿ ಇನ್ನೊಂದು ನಿಯಮವಿದೆ. ತೂಗುವ ಮೊದಲು ಆಡುವವರಿಬ್ಬರೂ ಒಪ್ಪಿದರೆ ಪಂದ್ಯದ ತೂಕವನ್ನು ಬದಲಿಸಬಹುದು. ನಡೆಸುವವರು ಗೊಣಗುತ್ತಾರೆ, ಆದರೆ ಒಪ್ಪುತ್ತಾರೆ. ಮೇಲಿನ ವರ್ಗದಲ್ಲೇ ಆಡೋಣ ಎಂದು ಒಬ್ಬ ಹೇಳಿದ್ದರೆ ಸಾಕಿತ್ತು, ಇಬ್ಬರೂ ಎದ್ದು ಹೋಗಿ ನೀರು ಕುಡಿಯಬಹುದಿತ್ತು. ನಮ್ಮ ಬಾಕ್ಸರನಿಗೆ ಅದು ಹೊಳೆಯದೆ ಇರಲಿಲ್ಲ. ಹೇಳಲು ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಇವನ ತೂಕ ನಿಜವಾಗಿಯೂ ಇಳಿದಿದ್ದರೆ ಎಂಬ ಯೋಚನೆ ಬಂತು. ಇವನು ಒಪ್ಪುವುದಿಲ್ಲ. ನಾನು ಸೋತಿದ್ದೇನೆಂದು ತಿಳಿದುಕೊಂಡು ನಾಳೆ ಹೊಟ್ಟೆಗೇ ಹೊಡೆಯುತ್ತಾನೆ. ಬಾಯಿ ಮುಚ್ಚಿಕೊಂಡ.

ಈಗ ಮೊದಲು ಎದ್ದು ಹೋಗುವುದಕ್ಕೂ ಆಗಲಿಲ್ಲ. ಇಬ್ಬರೂ ಕೂತರು. ಎದೆ ಡವಡವ ಹೊಡೆದುಕೊಂಡಿತು, ಬೆವರು ಬರುವುದು ನಿಂತುಹೋಯಿತು. ಹೋಟೆಲಿನ ಹೆಂಗಸೊಬ್ಬಳು ಬಾಗಿಲು ತಟ್ಟಿ, "ನೀರು ಬೇಕೇನ್ರಪ್ಪಾ?" ಎಂದಳು. ಇಬ್ಬರೂ ಒಟ್ಟಿಗೆ, "ಬೇಡ," ಎಂದರು. ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಮಧ್ಯಾಹ್ನ ತೂಕವಾಯಿತು. ಚಡ್ಡಿಯನ್ನೂ ಬಿಚ್ಚಿ, ಮುಂದೆ ಟವೆಲ್ ಹಿಡಿಸಿಕೊಂಡು ಯಂತ್ರದ ಮೇಲೆ ನಿಂತರು. ಇಬ್ಬರದೂ ಸರಿಯಾಗಿತ್ತು. ಜನ ಚಪ್ಪಾಳೆ ತಟ್ಟಿದರು. ಇಬ್ಬರೂ ತೋಳು ಮಡಿಸಿ ಮುಖಕ್ಕೆ ಮುಖ ಕೊಟ್ಟು ಫೋಟೋಗೆ ನಿಂತರು. ಕಾಲು ನಡುಗುತ್ತಿದ್ದದ್ದು ಫೋಟೋದಲ್ಲಿ ಬರಲಿಲ್ಲ. ಆಮೇಲೆ ಕುಡಿದರು, ತಿಂದರು, ಮತ್ತೆ ಕುಡಿದರು. ಮರುದಿನ ಯಾರಾದರೂ ತೂಗಿದ್ದರೆ ಇಬ್ಬರೂ ಮೇಲಿನ ವರ್ಗದವರೇ. ಯಾವ ತೂಕದಲ್ಲಿ ಆಡಲು ಹೆದರಿದ್ದರೋ ಅದೇ ತೂಕದಲ್ಲಿ ಆಡಿದರು. ನೀರು ಮರಳಿ ಬಂದಿತ್ತು, ಬಲ ಬಂದಿರಲಿಲ್ಲ. ಮೂರನೆಯ ಸುತ್ತಿನಲ್ಲಿ ಎಲ್ಲ ಮುಗಿಯಿತು. ಇಬ್ಬರನ್ನೂ ಒಂದೇ ಆಂಬುಲೆನ್ಸಿನಲ್ಲಿ ಕರೆದೊಯ್ದರು.

ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚ. ಇಬ್ಬರ ಕೈಗೂ ಗ್ಲೂಕೋಸ್ ಹಾಕಿದ್ದರು. ಡಾಕ್ಟರು ನಮ್ಮ ಬಾಕ್ಸರನಿಗೆ, ಕಿಡ್ನಿ ಕೆಟ್ಟಿದೆ, ಇನ್ನು ಈ ಆಟ ಬೇಡ ಎಂದು ಹೇಳಿ ಹೋದರು. ಆಗ ಎದುರಾಳಿ ಈಚೆಗೆ ಹೊರಳಿದ.

"ಅಣ್ಣ, ಉಗಿ ಕೋಣೆಯಲ್ಲಿ ಏನೋ ಹೇಳೋಕೆ ಬಾಯಿ ತೆಗೆದಿರಿ. ಏನದು?"

"ಮೇಲಿನ ವರ್ಗದಲ್ಲೇ ಆಡೋಣ ಅಂತ."

ಎದುರಾಳಿ ಮೇಲೆ ತೂಗುತ್ತಿದ್ದ ಗ್ಲೂಕೋಸ್ ಬಾಟಲಿಯ ಕಡೆ ನೋಡಿದ.

"ನೀವು ಅದನ್ನು ಹೇಳಲಿ ಅಂತಲೇ ನಾನು ಎದ್ದು ಹೋಗದೆ ಕೂತಿದ್ದೆ," ಎಂದ.

ಅಕ್ಕನವರು ಕತೆ ನಿಲ್ಲಿಸಿದರು.

"ಪಂದ್ಯ ಗೆದ್ದವರು ಯಾರು?" ಎಂದು ಗುರುಪಾದ ಕೇಳಿದ.

"ತೀರ್ಪುಗಾರ ಎದುರಾಳಿಯ ಕೈ ಹಿಡಿದು ಮೇಲೆತ್ತಿದ. ಕೈ ಬಿಟ್ಟ ಕೂಡಲೇ ಅವನೂ ಬಿದ್ದ."

ಗುರುಪಾದ ಮುಂದಿದ್ದ ಮಜ್ಜಿಗೆಯ ಕಡೆ ನೋಡಿದ. ಕೈ ಚಾಚಿ ಮತ್ತೆ ಹಿಂದಕ್ಕೆ ತೆಗೆದುಕೊಂಡ.

"ಆದರೆ ಅಕ್ಕನವರೇ, ಇದನ್ನು ನಾನು ಕುಡಿದೆನೆಂದು ಮಹಾಲಿಂಗನಿಗೆ ಗೊತ್ತಾದರೆ?"

ಅಕ್ಕನವರು ತಮ್ಮ ಪಕ್ಕದಲ್ಲಿದ್ದ ಹಳೆಯ ಲೋಟವನ್ನು ತಂದು ಅವನ ಲೋಟದ ಜೊತೆಗಿಟ್ಟರು.

"ಇದು ಮಹಾಲಿಂಗ ಬೆಳಿಗ್ಗೆ ಕುಡಿಯದೆ ಬಿಟ್ಟುಹೋದದ್ದು, ಇನ್ನು ಏನನ್ನು ಬಿಡಬೇಕೆಂದು ಕೇಳಲು ಬಂದಿದ್ದ."